ಗಾಳಿ ತೋರಿಸುತ್ತಿದ್ದ ಮೂರ್ತಿ ಅಂಕಲ್

ಯಾವ ಕಾರೇ ಬರಲಿ, ಅದರ ಬಾನೆಟ್ ಎತ್ತುವ ಮೊದಲು ಮೂರ್ತಿ ಅಂಕಲ್ ಹೆಬ್ಬೆರಳ ಗಾತ್ರದ ಒಂದು ಸೆನ್ಸರನ್ನು ಅದರ ಮೀಟರು, ಬ್ಯಾಟರಿ ಸಮೇತ ಹಿಡಿದುಕೊಂಡು ಶೆಡ್ಡಿನ ಗೇಟಿನವರೆಗೆ ನಡೆದು ಬರುತ್ತಿದ್ದರು. ಅಲ್ಲಿ ಹೊಗೆ ತಾಗದ ಕಡೆ ತೋಳು ಚಾಚಿ, ವೈರಿನಲ್ಲಿ ಅದನ್ನು ಇಳಿಬಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಮೂರು ನಿಮಿಷ, ನಾಲ್ಕು ನಿಮಿಷ. ಮೀಟರಿನ ಮೇಲೆ ತಮಗೆ ಬೇಕಾದ ಅಂಕಿ ಬಂದ ಮೇಲೆಯೇ ತಲೆಯಾಡಿಸಿ ಒಳಗೆ ಬರುತ್ತಿದ್ದರು. "ಬಾಬಾಜಿ ಪೂಜೆ ಮುಗಿಸಿದರು" ಎಂದು ಹೊಸ ಗಿರಾಕಿಗಳು ಹಿಂದಿಯಲ್ಲಿ ತಮ್ಮೊಳಗೇ ನಗುತ್ತಿದ್ದರು. ಮೂರ್ತಿ ಅಂಕಲ್ ಮಾತ್ರ ಅದನ್ನು "ಗಾಳಿ ತೋರಿಸೋದು" ಅನ್ನುತ್ತಿದ್ದರು. ಈ ಅಭ್ಯಾಸ ಅವರಿಗೆ ಮೊದಲಿನಿಂದ ಇರಲಿಲ್ಲ.

ಅವರ ಪೂರ್ತಿ ಹೆಸರು ನರಸಿಂಹಮೂರ್ತಿ, ತುಮಕೂರಿನ ಕಡೆಯವರು. ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿ ದೇಶವೆಲ್ಲ ಸುತ್ತಿ, ನಿವೃತ್ತಿಯಾದ ಮೇಲೆ ಹೆಂಡತಿ ಲಲಿತಮ್ಮನವರ ಜೊತೆ ರಾಜಧಾನಿಯ ಪೀತಮ್‌ಪುರದಲ್ಲಿ ನೆಲೆ ನಿಂತಿದ್ದರು. ಮಕ್ಕಳಿರಲಿಲ್ಲ. ರೋಹಿಣಿ ಬಡಾವಣೆಯ ಆಚೆ ಒಂದು ತಗಡಿನ ಶೆಡ್ಡು ಹಿಡಿದಿದ್ದರು. ಸಾಧಾರಣ ರಿಪೇರಿಗೆ ಕೈ ಹಾಕುತ್ತಿರಲಿಲ್ಲ. ರೇಸಿನ ಹುಚ್ಚಿನವರು ಎಂಜಿನ್ನಿನ ಬಲ ಹೆಚ್ಚಿಸಿಕೊಂಡು ಬಂದರೆ, ಹೊಗೆ ಕೊಳವೆಗೆ ಆ ಸೆನ್ಸರನ್ನು ಸಿಕ್ಕಿಸಿ, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ಅಳೆದು, ಹದ ಮಾಡಿಕೊಡುವುದಷ್ಟೇ ಅವರ ಕೆಲಸ.

ನಾನು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಗುರುಗ್ರಾಮದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಳೆಯದೊಂದು ಟರ್ಬೊ ಕಾರು ಕೊಂಡೆ. ಗ್ರೇಟರ್ ನೋಯ್ಡಾದ ಟ್ರ್ಯಾಕಿನಲ್ಲಿ ಭಾನುವಾರಗಳಂದು ಓಡಿಸುವ ಚಟ ಹತ್ತಿತು. ಯಾರೋ ಹೇಳಿದರೆಂದು ಆ ಶೆಡ್ಡಿಗೆ ಹೋದೆ. ಕಾಯುವಾಗ ಅಮ್ಮನ ಫೋನ್ ಬಂತು. "ಇನ್ನೂ ಲೇಟಾಗತ್ತಮ್ಮ. ಇಲ್ಲಿ ಯಾರೋ ಮುದುಕರು ಎಂಜಿನ್ನಿಗೆ ಕಿವಿ ಕೊಟ್ಟು ಕೂತಿದ್ದಾರೆ" ಎಂದೆ.

ಬಾನೆಟ್ಟಿನ ಅಡಿಯಿಂದ ಕನ್ನಡದಲ್ಲಿ ದನಿ ಬಂತು. "ಮುದುಕರಿಗೆ ಕಿವಿ ಚೆನ್ನಾಗೇ ಕೇಳತ್ತೆ."

ಅವತ್ತಿನಿಂದ ನಾನು ಶುಭಮ್ಮ, ಅವರು ಮೂರ್ತಿ ಅಂಕಲ್. ರಜೆ ಇದ್ದಾಗಲೆಲ್ಲ ಹೋಗಿ ಕೂರುತ್ತಿದ್ದೆ. ಕಾರು ರೋಲರುಗಳ ಮೇಲೆ ನಿಂತಲ್ಲೇ ಓಡುತ್ತಿತ್ತು. ಅವರು ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೇಳಿಕೊಡುತ್ತಿದ್ದರು.

"ಈ ನಂಬರ್ ನೋಡು. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ. ಆರಾಮಾಗಿ ಹೋಗುವಾಗ ಹದಿನಾಲ್ಕು ಚಿಲ್ಲರೆ ಇರಲಿ, ತೊಂದರೆಯಿಲ್ಲ. ಕಾಲು ಪೂರ್ತಿ ಒತ್ತಿದಾಗ ಮಾತ್ರ ಹನ್ನೆರಡು ದಾಟಬಾರದು."

"ದಾಟಿದರೆ ಏನಾಗತ್ತೆ ಅಂಕಲ್?"

"ಮೊದಲು ಖುಷಿಯಾಗತ್ತೆ, ಗಾಡಿ ಜೋರಾಯ್ತು ಅಂತ. ಆಮೇಲೆ ಒಳಗೆ ಕಾವು ಏರಿ ಪಿಸ್ಟನ್ ಕರಗತ್ತೆ. ನಾವು ಹೆಚ್ಚಿಗೆ ಕೊಡೋ ಪೆಟ್ರೋಲ್ ಉರಿಯೋಕಲ್ಲಮ್ಮ, ತಣಿಸೋಕೆ."

ಇನ್ನಷ್ಟು ಬಲ ಬೇಕೆಂದು ಹಟ ಹಿಡಿಯುವ ಗಿರಾಕಿಗಳಿಗೆ ಅವರದೊಂದು ಸಿದ್ಧ ಉತ್ತರವಿತ್ತು. "ದಸ್ ಘೋಡೇ ಕಮ್ ಸಹೀ, ಖಾನಾ ಘರ್ ಜಾಕೇ ಖಾನಾ." ಹತ್ತು ಕುದುರೆಯ ಬಲ ಕಮ್ಮಿಯೇ ಇರಲಿ, ಊಟ ಮನೆಗೆ ಹೋಗಿ ಮಾಡು ಎಂದು.

ನಿಖಿಲ್ ಎಂಬ ಹುಡುಗ ರೋಹಿಣಿಯವನು. ಇಪ್ಪತ್ತನಾಲ್ಕು ವಯಸ್ಸು, ಒಳ್ಳೆಯ ಚಾಲಕ. ಅಪ್ಪ ಸುರೇಂದರ್‌ಜಿಗೆ ಈ ರೇಸು ಕಂಡರಾಗುತ್ತಿರಲಿಲ್ಲ. ಒಂದು ಮೇ ತಿಂಗಳು ಅವನ ಕಾರನ್ನು ಮೂರ್ತಿ ಅಂಕಲ್ ಹದ ಮಾಡಿ ಕಳಿಸಿದರು. ಆ ಭಾನುವಾರ ನೇರ ದಾರಿಯ ಕೊನೆಯಲ್ಲಿ, ನನ್ನ ಕಣ್ಣೆದುರೇ, ಆ ಕಾರು ಹೊಗೆಯುಗುಳಿತು. ಎಂಜಿನ್ನಿನ ಆಯಿಲ್ ಚೆಲ್ಲಿ, ಚಕ್ರ ಜಾರಿ, ಹೋಗಿ ಟೈರುಗಳ ಗೋಡೆಗೆ ಬಡಿಯಿತು. ನಿಖಿಲನ ಎಡ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಗೇರ್ ತಪ್ಪಾಗಿ ಹಾಕಿ ಎಂಜಿನ್ ಒಡೆದುಕೊಂಡ ಎಂದು ಟ್ರ್ಯಾಕಿನಲ್ಲಿ ಎಲ್ಲರೂ ತೀರ್ಮಾನಿಸಿದರು. ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ನಿಖಿಲನೂ ಅದನ್ನೇ ಅಂದ. "ಬಹುಶಃ ನಾನೇ ತಪ್ಪಿದೆ." ಸುದ್ದಿ ತಿಳಿದು ಓಡಿ ಬಂದಿದ್ದ ಅವನಪ್ಪ, "ಬಹುಶಃ ಏನು ಬಂತು, ನೀನೇ" ಎಂದರು.

ಮೂರನೆಯ ದಿನ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿದೆವು. ಗೇರ್ ತಪ್ಪಿದ್ದರೆ ವಾಲ್ವುಗಳು ಬಾಗಿರಬೇಕಿತ್ತು. ಎಲ್ಲ ನೆಟ್ಟಗಿದ್ದವು. ಮೂರನೆಯ ಪಿಸ್ಟನ್ನಿನ ಅಂಚು ಮಾತ್ರ ಕಾಸಿದ ಮೇಣದಂತೆ ಕರಗಿಹೋಗಿತ್ತು. ಮೂರ್ತಿ ಅಂಕಲ್ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು, ತಮ್ಮ ಸೆನ್ಸರನ್ನು ಗೇಟಿನ ಹತ್ತಿರ ಒಯ್ದು ಬಯಲ ಗಾಳಿಯಲ್ಲಿ ಹಿಡಿದರು. ಬರೀ ಗಾಳಿಯಲ್ಲಿ ಅದು ತನ್ನ ಅತಿ ಹೆಚ್ಚಿನ ಅಂಕಿ ತೋರಿಸಬೇಕು. ತೋರಿಸಲಿಲ್ಲ. ಹಳತಾಗಿ, ಇರುವುದಕ್ಕಿಂತ ಕಡಿಮೆ ಗಾಳಿ ತೋರಿಸುತ್ತಿತ್ತು. ಅದನ್ನು ನಂಬಿ ಪೆಟ್ರೋಲ್ ಜಾಸ್ತಿಯಾಗಿದೆ ಎಂದುಕೊಂಡು ಅವರು ಕಡಿಮೆ ಮಾಡಿದ್ದರು.

ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಆಗ ಹೇಳಿದ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. "ಅಂಕಲ್, ಇದು ಯಾರಿಗೂ ಗೊತ್ತಾಗಲ್ಲ."

ಅವರು ಕೈ ಒರೆಸಿಕೊಂಡರು. "ಕಾರ್ ಕೀ ತಗೋ ಶುಭಮ್ಮ. ಆಸ್ಪತ್ರೆಗೆ ಹೋಗೋಣ."

ವಾರ್ಡಿನಲ್ಲಿ ಅಪ್ಪ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಮೂರ್ತಿ ಅಂಕಲ್ ಮಂಚದ ಕಾಲ ಬಳಿ ನಿಂತು ಹಿಂದಿಯಲ್ಲಿ, ಒಂದೊಂದೇ ಮಾತಾಗಿ ಹೇಳಿದರು. "ಬೇಟಾ, ನೀನು ಗೇರ್ ತಪ್ಪಿಲ್ಲ. ನನ್ನ ಮೀಟರ್ ತಪ್ಪಿತ್ತು. ಅದನ್ನ ಪರೀಕ್ಷೆ ಮಾಡಬೇಕಿತ್ತು, ನಾನು ಮಾಡಲಿಲ್ಲ. ನಿನ್ನ ಎಂಜಿನ್ ಸುಟ್ಟಿದ್ದು ನಾನು."

ಸುರೇಂದರ್‌ಜಿ ಎದ್ದು ನಿಂತರು. "ಇನ್ನೊಮ್ಮೆ ನಮ್ಮ ಕಣ್ಣಿಗೆ ಬೀಳಬೇಡಿ" ಎಂದರು. ನಿಖಿಲ್ ಗೋಡೆ ಕಡೆ ಮುಖ ತಿರುಗಿಸಿದ. ಅವನ ಹೆಗಲು ಅಲುಗುತ್ತಿತ್ತು.

ವಾಪಸು ಬಂದು ಪೀತಮ್‌ಪುರದಲ್ಲಿ ಇಳಿಯುವಾಗ ಮೂರ್ತಿ ಅಂಕಲ್, "ಆ ಹುಡುಗ ಮೂರು ದಿನದಿಂದ ತನ್ನನ್ನೇ ಬೈಕೊಂಡು ಮಲಗಿದ್ದ ಕಣಮ್ಮ" ಎಂದರು.

ಆಮೇಲೆ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಬಂದವರಿಗೂ ಅವರೇ ಮೊದಲು ಹೇಳುತ್ತಿದ್ದರು. "ನನ್ನಿಂದ ಒಂದು ಎಂಜಿನ್ ಸುಟ್ಟಿದೆ, ಒಬ್ಬ ಹುಡುಗನ ಕೈ ಮುರಿದಿದೆ. ಯೋಚನೆ ಮಾಡಿ ಗಾಡಿ ಒಳಗೆ ತನ್ನಿ." ಟ್ರ್ಯಾಕಿನ ಕಡೆ ಹೋಗುವುದನ್ನೇ ಬಿಟ್ಟರು. ಗಾಳಿ ತೋರಿಸುವುದು ಶುರುವಾದದ್ದು ಆಗಲೇ. ನವೆಂಬರಿನಲ್ಲಿ ಹೊಗೆಮಂಜು ಕವಿದು, ಕೆಮ್ಮು ಹತ್ತಿದಾಗಲೂ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. "ಎದೆ ಸರಿಯಿಲ್ಲ ಇವರಿಗೆ, ನೀನಾದ್ರೂ ಹೇಳು ಶುಭಾ" ಎಂದು ಲಲಿತಮ್ಮ ಫೋನ್ ಮಾಡುತ್ತಿದ್ದರು. ಹೇಳಿದೆ. ಅವರು ಕೇಳಲಿಲ್ಲ.

ಮೂರು ವರ್ಷದ ಮೇಲೆ ಒಂದು ಫೆಬ್ರವರಿ ಬೆಳಗ್ಗೆ ಅದೇ ಕಾರು ಗೇಟಿನ ಮುಂದೆ ಬಂದು ನಿಂತಿತು. ನಿಖಿಲ್ ಇಳಿದ. ಎಡಗೈ ಮಣಿಕಟ್ಟು ಸ್ವಲ್ಪ ಸೊಟ್ಟಗೇ ಉಳಿದಿತ್ತು. ಸುರೇಂದರ್‌ಜಿ ಕಾರಿನೊಳಗೇ ಕೂತಿದ್ದರು.

"ಹೊಸ ಎಂಜಿನ್ ಹಾಕಿಸಿದ್ದೇನೆ ಅಂಕಲ್‌ಜಿ. ಟ್ಯೂನ್ ಮಾಡಿಕೊಡಿ."

"ಬೇರೆ ಯಾರ ಹತ್ರಾದ್ರೂ ಹೋಗಪ್ಪ."

"ಹೋಗಿದ್ದೆ. ಎಲ್ಲ ಸರಿಯಾಗಿದೆ ಅಂತಾರೆ. ತಪ್ಪಿದ್ದರೆ ತಪ್ಪಿದೆ ಅಂತ ಹೇಳೋರು ನೀವೊಬ್ಬರೇ."

ಮೂರ್ತಿ ಅಂಕಲ್ ಗೇಟನ್ನು ಪೂರ್ತಿ ತೆರೆದರು. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ತೆಗೆದುಕೊಂಡರು. ಲ್ಯಾಪ್‌ಟಾಪಿನಲ್ಲಿ ಅವರು ಹೇಳಿದ ಅಂಕಿಗಳನ್ನು ನಾನು ಒತ್ತುತ್ತಿದ್ದೆ. ಪ್ರತಿ ಓಟದ ನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತುದಿ ಹದವಾಗಿ ಉರಿದು ಬಿಸ್ಕತ್ತಿನ ಬಣ್ಣಕ್ಕೆ ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸುರೇಂದರ್‌ಜಿ ನಾಲ್ಕೂ ದಿನ ಬಂದು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಮಾರ್ಚಿನಲ್ಲಿ ನಿಖಿಲ್ ಓಡಿಸಿದ ದಿನ ಮೂರ್ತಿ ಅಂಕಲ್ ಟ್ರ್ಯಾಕಿಗೆ ಬಂದರು. ಮುಗಿಯುವವರೆಗೂ ನನ್ನ ತೋಳನ್ನು ಬಿಡಲಿಲ್ಲ. ನಿಖಿಲ್ ಹನ್ನೊಂದನೆಯವನಾಗಿ ಮುಗಿಸಿದ. ಮೂರ್ತಿ ಅಂಕಲ್ ಅವರನ್ನು ನಾನು ಟ್ರ್ಯಾಕಿನಲ್ಲಿ ಕಂಡದ್ದು ಅದೇ ಕೊನೆ. ಏಪ್ರಿಲಿನಲ್ಲಿ ಎದೆನೋವು ಬಂದು, ಎರಡೇ ದಿನದಲ್ಲಿ ಹೋಗಿಬಿಟ್ಟರು.

ತುಮಕೂರಿನಿಂದ ಅವರ ತಮ್ಮ ವಿಮಾನ ಹಿಡಿದು ಬಂದರು. ಹಿಂದಿ ಬಾರದವರು. ಸ್ಮಶಾನದಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ಸುರೇಂದರ್‌ಜಿಯನ್ನು ನೋಡಿ ನನ್ನನ್ನು ಮೆಲ್ಲಗೆ ಕೇಳಿದರು. "ಇವರು ಯಾರಮ್ಮ? ನಮ್ಮಣ್ಣನಿಗೆ ಏನಾಗಬೇಕು?"

ನಾನು ಆ ಪ್ರಶ್ನೆಯನ್ನು ಸುರೇಂದರ್‌ಜಿಗೇ ಹಿಂದಿಯಲ್ಲಿ ಒಪ್ಪಿಸಿದೆ. ಅವರು ಚಿತೆಯ ಕಡೆ ನೋಡಿದರು.

"ನನ್ನ ಮಗನ ಮೇಲೆ ನಾನು ಹೊರಿಸಿದ್ದ ತಪ್ಪನ್ನು ಇವರು ಬಂದು ಇಳಿಸಿಕೊಂಡರು ಅಂತ ಹೇಳಿ."

ನಾನು ಕನ್ನಡದಲ್ಲಿ ಹೇಳಿದೆ. ಮೂರ್ತಿ ಅಂಕಲ್ ಅವರ ತಮ್ಮನಿಗೆ ಎಷ್ಟು ಅರ್ಥವಾಯಿತೋ ಕಾಣೆ. ಅವರು ಹೋಗಿ ಸುರೇಂದರ್‌ಜಿಯ ಪಕ್ಕದಲ್ಲಿ ನಿಂತುಕೊಂಡರು.