ಮೇಷ್ಟ್ರ ಸೊಳ್ಳೆಪಾಠ
ಕೊಡಗು ಬೇರೆ ರಾಜ್ಯವಾಗಿದ್ದಾಗ ನಾಪೋಕ್ಲಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಕುಶಾಲಪ್ಪ ಮೇಷ್ಟ್ರು ಪುಸ್ತಕ ತೆರೆದದ್ದನ್ನು ಯಾರೂ ಕಂಡಿಲ್ಲ. ಆವಿಯ ಬಲ ತೋರಿಸಲು ಮನೆಯಿಂದ ಕಡುಬಿನ ಪಾತ್ರೆ ಬರುತ್ತಿತ್ತು, ಭೂಮಿ ತಿರುಗುವುದನ್ನು ತೋರಿಸಲು ಕಿತ್ತಳೆ; ಪಾಠ ಮುಗಿದ ಮೇಲೆ ಭೂಮಿಯನ್ನು ಸುಲಿದು ತೊಳೆತೊಳೆಯಾಗಿ ತಿನ್ನುತ್ತಿದ್ದೆವು. “ನನ್ನ ಅಡುಗೆಮನೆಯೇ ಶಾಲೆ ಸೇರಿತಲ್ಲ!” ಎಂದು ಅವರ ಹೆಂಡತಿ ತಂಗಮ್ಮ ಗೊಣಗುತ್ತಿದ್ದರು. ಸೊಳ್ಳೆಯ ಪಾಠದ ದಿನ ಮಾತ್ರ ಮೇಷ್ಟ್ರು ನಗಿಸುತ್ತಿರಲಿಲ್ಲ. ಲೋಟದ ನೀರಿನಲ್ಲಿ ಸೊಳ್ಳೆಮರಿ ತೋರಿಸಿ, “ಚಳಿಜ್ವರ ದೇವರ ಶಾಪ ಅಲ್ಲ, ಇದರ ಕೆಲಸ” ಎಂದು ಹೇಳಿ, ನಮ್ಮಿಂದ ಆ ಮರಿಗಳು ಅಡಗುವ ತೋಡಿನ, ಅಂದರೆ ಸಣ್ಣ ಹಳ್ಳದ, ದಡದ ಹುಲ್ಲು ಕೀಳಿಸುತ್ತಿದ್ದರು. ಒಮ್ಮೆ ತಂಗಮ್ಮನೂ ಹುಲ್ಲು ಕೊಯ್ಯುವ ಕತ್ತಿ ಹಿಡಿದು ಬಂದರು. “ನಮ್ಮ ಮಗಳು ಯಮುನಂಗೆ ಚಳಿಜ್ವರ ಬಂದಾಗ ಇವರೂ ಮಂತ್ರಿಸಿದ ದಾರ ತಂದು ಕಟ್ಟಿದ್ರು ಮಕ್ಕಳೇ. ಏಳು ವರ್ಷದ ಹುಡುಗಿ, ಉಳೀಲಿಲ್ಲ” ಎಂದರು. ಮೇಷ್ಟ್ರು ತಲೆ ಎತ್ತದೆ ಹುಲ್ಲು ಕೀಳುತ್ತಲೇ ಇದ್ದರು.