ಮೇಲಿನ ಗೆರೆ, ಪಕ್ಕದ ಗೆರೆ

ಹಲ್ಲಣ್ಣನ ಕಾಲು ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಕೂತರೆ ಸಾಕು, ಬಲ ಮೊಣಕಾಲು ಹೊಲಿಗೆ ಯಂತ್ರದ ಹಾಗೆ ಅಲ್ಲಾಡಲು ಶುರು. ಊಟದ ಮೇಜಿನ ಮೇಲೆ ಲೋಟಗಳು ಕಿಣಿಕಿಣಿ ಎನ್ನುತ್ತವೆ. ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವುದು ಅವನ ಕಸುಬು, ಅಡ್ಡಹೆಸರು ಬಂದದ್ದೂ ಅದರಿಂದಲೇ. ಮೇಣ, ಪ್ಲಾಸ್ಟರು, ಗುಲಾಬಿ ಬಣ್ಣದ ಒಸಡುಗಳ ನಡುವೆ ಅವನು ನಿಂತೇ ಕೆಲಸ ಮಾಡುವುದರಿಂದ ಅಲ್ಲಿ ಕಾಲಿನ ತಕರಾರಿಲ್ಲ. ಬೆರಳಂತೂ ಬಂಗಾರ. ಹಲ್ಲಿನ ಅಂಚು ಕೂದಲೆಳೆಯಷ್ಟು ಎತ್ತರವಿದ್ದರೂ ಅವನಿಗೆ ಕಣ್ಣು ಮುಚ್ಚಿಕೊಂಡೇ ಗೊತ್ತಾಗುತ್ತದೆ.

ಕೆಲಸ ಬಿಟ್ಟು ಮನೆಗೆ ಬಂದ ಮೇಲಿನದೇ ತಲೆನೋವು. ಆ ಹೊತ್ತಿಗೆ ತಲೆಗೊಂದು ಹುಳ ಹೊಕ್ಕಿರುತ್ತದೆ. ಒಂದು ಸಲ ಮೌತ್ ಆರ್ಗನ್, ಇನ್ನೊಂದು ಸಲ ಫೋಟೊ ತೊಳೆಯುವ ಹುಚ್ಚು. ಯಾವುದೂ ಮುಗಿದದ್ದಿಲ್ಲ. ಎಲ್ಲ ಅಟ್ಟ ಸೇರಿವೆ. "ಆ ಅಟ್ಟ ಕುಸಿದು ನನ್ನ ಮೇಲೆ ಬಿದ್ರೂ ನಾನು ಅರ್ಧ ಮಾತ್ರ ಸಾಯ್ತೀನಿ, ಅಲ್ಲಿ ಪೂರ್ತಿಯಾಗಿರೋದು ಏನಿದೆ" ಎನ್ನುತ್ತಾಳೆ ಹೆಂಡತಿ. ಅಲ್ಲೇ ಒಂದು ರೇಡಿಯೊ ಇದೆ. ಅಮ್ಮ ಹಾಸಿಗೆ ಹಿಡಿದಾಗ ಅವಳಿಗೆಂದು ಕಟ್ಟಲು ಹೊರಟಿದ್ದ. ಅರ್ಧ ಬೆಸುಗೆ ಹಾಕಿದ. ಅಮ್ಮ ದಿನಾ "ಆಯ್ತೇನಪ್ಪಾ" ಎಂದು ಕೇಳುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಅದರ ಬಗ್ಗೆ ಹೆಂಡತಿಯೂ ತಮಾಷೆ ಮಾಡುವುದಿಲ್ಲ. ಮೇಲಿನ ಮನೆಯಲ್ಲಿರುವ ಅಕ್ಕ ಮಾತೇ ಎತ್ತುವುದಿಲ್ಲ. ಎತ್ತಿ ಬೈದಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ.

ಹೋದ ವರ್ಷ ಗುಜರಿಯವನ ಹತ್ತಿರ ಒಂದು ಹಳೇ ತಿಜೋರಿ ಬೀಗ ಸಿಕ್ಕಿತು. ಕೀಲಿಕೈ ಇಲ್ಲದ, ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಅಂಕಿಗಳ ಡಯಲ್ ತಿರುಗಿಸಿ ತೆಗೆಯುವಂಥದ್ದು. ಅದನ್ನು ಹಲಗೆಗೆ ಬಿಗಿದು, ಹಿಂದಿನ ಮುಚ್ಚಳ ಬಿಚ್ಚಿ ನೋಡಿದ. ಒಳಗಿದ್ದದ್ದು ಮೂರು ಹಿತ್ತಾಳೆ ಚಕ್ರ. ಒಂದೊಂದರ ಅಂಚಿನಲ್ಲೂ ಒಂದೊಂದು ಕಚ್ಚು. ಮೂರೂ ಕಚ್ಚು ಒಂದೇ ಸಾಲಿಗೆ ಬಂದರೆ ಮೇಲಿನ ಸರಳು ಅದರೊಳಗೆ ಬೀಳುತ್ತದೆ, ಬೀಗ ತೆರೆಯುತ್ತದೆ. ಇಷ್ಟೇ. ಆದರೆ ಅಂಕಿ ಗೊತ್ತಿಲ್ಲದೆ ಬರೀ ಬೆರಳಿನಿಂದಲೂ ಆ ಕಚ್ಚುಗಳನ್ನು ಹುಡುಕಬಹುದು. ಡಯಲ್ ತಿರುಗಿಸುವಾಗ ಒಂದು ಕಡೆ ಸಣ್ಣ ತಡೆ ಸಿಗುತ್ತದೆ. ಅದು ಎಲ್ಲಿ ಸಿಕ್ಕಿತೆಂದು ಚೌಕುಳಿ ಕಾಗದದ ಮೇಲೆ ಚುಕ್ಕಿ ಇಡುತ್ತಾ ಹೋದರೆ, ಕಚ್ಚು ಇರುವಲ್ಲಿ ಗೆರೆ ಒಳಕ್ಕೆ ಬಾಗುತ್ತದೆ. ನೂರಾರು ಸಲ ತಿರುಗಿಸಬೇಕು. ಹಿಡಿದ ಹುಚ್ಚು ಎಂಟು ತಿಂಗಳಾದರೂ ಬಿಡಲಿಲ್ಲ, ಅವನ ಮಟ್ಟಿಗೆ ಅದೊಂದು ದಾಖಲೆ. ಆದರೂ ಒಂದು ಸಲವೂ ಕೊನೆ ಮುಟ್ಟಿರಲಿಲ್ಲ. ಎರಡನೇ ಚಕ್ರಕ್ಕೆ ಬರುವಷ್ಟರಲ್ಲಿ ಎದ್ದು ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತಿದ್ದ.

ಹೀಗಿರುವಾಗ ಅಕ್ಕ ಮುಚ್ಚಿಹೋದ ಔಷಧಿ ಅಂಗಡಿಯೊಂದರಿಂದ ಸಣ್ಣ ತಿಜೋರಿ ತಂದಳು. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಅವಳು, ಕಾಗದಪತ್ರ ಎಲ್ಲೆಂದರಲ್ಲಿ ಬಿದ್ದಿದ್ದರೆ ಸೇರುವುದಿಲ್ಲ. ಅಂಗಡಿಯವರ ಹಳೇ ಅಂಕಿ ಬದಲಾಯಿಸಬೇಕಿತ್ತು. "ನಾನಿದ್ದೀನಲ್ಲಕ್ಕಾ" ಎಂದು ಹಲ್ಲಣ್ಣ ಮುಂದೆ ಬಿದ್ದ. ಭಾನುವಾರ ಹೋಗಿ ಹೊಸ ಅಂಕಿ ಕೂರಿಸಿದ. ಅಕ್ಕ ತನ್ನ ಮಗಳ ಮೂಲ ಪ್ರಮಾಣಪತ್ರಗಳ ಲಕೋಟೆ ಒಳಗಿಟ್ಟಳು. ಅವನು ಬಾಗಿಲು ಮುಚ್ಚಿ, "ಆಯ್ತು" ಎಂದು ಮೆಟ್ಟಿಲಿಳಿದ.

ಬುಧವಾರ ಬೆಳಗ್ಗೆ ಹತ್ತಕ್ಕೆ ಅಕ್ಕನ ಮಗಳೇ ಕೆಳಗೆ ಓಡಿ ಬಂದಳು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಮೊದಲ ಕೆಲಸ ಸಿಕ್ಕಿತ್ತು. ಸಂಜೆ ನಾಲ್ಕರೊಳಗೆ ಮೂಲಪ್ರತಿ ತೋರಿಸದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತಾರಂತೆ.

"ಮಾಮ, ತಿಜೋರಿ ತೆಗೀತಾನೇ ಇಲ್ಲ."

ಭಾನುವಾರ ಕೂರಿಸಿದ ಅಂಕಿ ಐವತ್ತಾರು, ಇಪ್ಪತ್ತಮೂರು, ಎಂಬತ್ತೊಂದು. ಅವನು ತಿರುಗಿಸಿದರೂ ಬೀಗ ತೆರೆಯಲಿಲ್ಲ. ಒಂದು ಅಂಕಿ ಮುಂದೆ, ಒಂದು ಹಿಂದೆ, ಎಲ್ಲ ನೋಡಿದ. "ಬೀಗ ಹಳೇದಕ್ಕಾ, ಚಕ್ರ ಸವೆದಿರ್ಬೇಕು" ಎಂದ. ಡ್ರಿಲ್ ಹಾಕಿ ತೆಗೆಯುವವನಿಗೆ ಅಕ್ಕ ಫೋನ್ ಮಾಡಿದಳು. ಅವನು ನಾಳೆ ಬರುತ್ತಾನಂತೆ.

ಅಕ್ಕ ಫೋನ್ ಕೆಳಗಿಟ್ಟು ಏನೂ ಹೇಳಲಿಲ್ಲ. ರೇಡಿಯೊ ವಿಷಯಕ್ಕೂ ಅವಳು ಹೀಗೇ ಸುಮ್ಮನಿದ್ದವಳು. ಹಲ್ಲಣ್ಣ ಕೆಳಗೆ ಹೋಗಿ ಚೌಕುಳಿ ಕಾಗದ, ಪೆನ್ಸಿಲ್ ತಂದು ತಿಜೋರಿಯ ಮುಂದೆ ನೆಲದ ಮೇಲೆ ಕೂತ.

ಹನ್ನೊಂದಾಯಿತು, ಹನ್ನೆರಡಾಯಿತು. ಮೂರು ಸಲ ಎದ್ದು ಕಿಟಕಿಗೆ ಹೋಗಿ ಬಂದ. ಪ್ರತಿ ಸಲ ವಾಪಸು ಬಂದಾಗ ಎಲ್ಲಿದ್ದೆನೆಂದೇ ಮರೆತಿರುತ್ತಿತ್ತು. ಚುಕ್ಕಿಗಳು ಮನಸ್ಸಿಗೆ ಬಂದ ಹಾಗೆ ಚೆಲ್ಲಿಕೊಂಡಿದ್ದವು. ಮೊಣಕಾಲಿನ ನಡುಕ ಸೊಂಟಕ್ಕೆ, ಹೆಗಲಿಗೆ, ಕೊನೆಗೆ ಬೆರಳಿಗೇ ಏರುತ್ತಿತ್ತು. ಆ ನಡುಕದಲ್ಲಿ ಸಣ್ಣ ತಡೆ ಎಲ್ಲಿಂದ ಸಿಗಬೇಕು? ಸೋಫಾದ ತುದಿಯಲ್ಲಿ ಕೂತಿದ್ದ ಹುಡುಗಿ ಗೋಡೆ ಗಡಿಯಾರವನ್ನೂ ಅವನ ಬೆನ್ನನ್ನೂ ನೋಡುತ್ತಿದ್ದಳು. ಎದ್ದು ಓಡಿಹೋಗಿಬಿಡೋಣ ಎನ್ನಿಸಿತು ಅವನಿಗೆ.

ಆಗ ಅಕ್ಕ ಬಂದು ಪಕ್ಕದಲ್ಲೇ ನೆಲಕ್ಕೆ ಕೂತಳು. ತನ್ನ ಪಾದವನ್ನು ಅವನ ಪಾದದ ಮೇಲಿಟ್ಟು ಒತ್ತಿದಳು. ಶಾಲೆಗೆ ಹೋಗುವ ಕಾಲದಲ್ಲಿ ಒಂದೇ ಮೇಜಿನಲ್ಲಿ ಓದುವಾಗ ಹೀಗೇ ಒತ್ತುತ್ತಿದ್ದಳು.

"ತಿರುಗಿಸು. ಅಂಕಿ ಹೇಳು, ನಾನು ಬರ್ಕೋತೀನಿ."

ಬೆರಳಿನ ನಡುಕ ನಿಂತಿತು. ತಡೆ ಸಿಕ್ಕಿತು. ಅವನು ಅಂಕಿ ಹೇಳುತ್ತಾ ಹೋದ, ಅವಳು ಆಸ್ಪತ್ರೆಯಲ್ಲಿ ಜ್ವರದ ಪಟ್ಟಿ ಬರೆಯುವವಳ ಹಾಗೆ ಚುಕ್ಕಿ ಇಡುತ್ತಾ ಹೋದಳು. ಊಟಕ್ಕೆ ಯಾರೂ ಏಳಲಿಲ್ಲ. ಒಂದೂವರೆಯ ಹೊತ್ತಿಗೆ ಗೆರೆ ನಲವತ್ತಾರರ ಹತ್ತಿರ ಬಾಗಿತು. ಎರಡೂಕಾಲಿಗೆ ಹದಿಮೂರರ ಹತ್ತಿರ.

ನಲವತ್ತಾರು, ಹದಿಮೂರು. ತಾನು ಕೂರಿಸಿದ್ದು ಐವತ್ತಾರು, ಇಪ್ಪತ್ತಮೂರು. ಎರಡರಲ್ಲೂ ಸರಿಯಾಗಿ ಹತ್ತು ಕಡಿಮೆ.

ಹಲ್ಲಣ್ಣ ಬಗ್ಗಿ ನೋಡಿದ. ಡಯಲ್‌ನ ಸುತ್ತ ಇರುವುದು ಎರಡು ಗೆರೆ. ನೆತ್ತಿಯ ಮೇಲಿನದು ಬೀಗ ತೆಗೆಯಲು. ಎಡಕ್ಕೆ ಹತ್ತು ಅಂಕಿ ಆಚೆ ಇರುವ ಸಣ್ಣ ಗೆರೆ ಅಂಕಿ ಬದಲಾಯಿಸಲು. ಭಾನುವಾರ ಹಳೇ ಅಂಕಿಯನ್ನು ಪಕ್ಕದ ಗೆರೆಗೆ ಹಿಡಿದಿದ್ದ. ಹೊಸದನ್ನು ಹಿಡಿಯುವಾಗ ಎಂಟು ತಿಂಗಳ ಅಭ್ಯಾಸಬಲದಿಂದ ಕೈ ಮೇಲಿನ ಗೆರೆಗೇ ಹೋಗಿತ್ತು. ಹಾಗಾಗಿ ಬೀಗದೊಳಗೆ ಕೂತದ್ದು ಹತ್ತು ಕಡಿಮೆಯ ಅಂಕಿಗಳು.

ನಲವತ್ತಾರು, ಹದಿಮೂರು, ಎಪ್ಪತ್ತೊಂದು. ಒಳಗೆ ಸರಳು ಬಿದ್ದ ಸದ್ದು ಮೂವರಿಗೂ ಕೇಳಿಸಿತು. ಹುಡುಗಿ ಲಕೋಟೆ ಎದೆಗವಚಿಕೊಂಡು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದಳು. ಇನ್ನೂ ಮೂರಾಗಿರಲಿಲ್ಲ.

ಬೆರಳಿನ ಕರಾಮತ್ತು ಎಂದು ಹೇಳಿಕೊಳ್ಳಬಹುದಿತ್ತು, ಅಕ್ಕನಿಗೇನು ಗೊತ್ತಾಗುತ್ತಿತ್ತು. ಆದರೆ ಅವಳ ಪಾದ ಇನ್ನೂ ಅವನ ಪಾದದ ಮೇಲಿತ್ತು.

"ಬೀಗ ಸವೆದಿರ್ಲಿಲ್ಲ ಅಕ್ಕ. ನಾನೇ ಬೇರೆ ಗೆರೆಗೆ ತಿರುಗಿಸಿದ್ದೆ. ಅಂಕಿ ಬದಲಾಯಿಸಿದ ಮೇಲೆ ಬಾಗಿಲು ತೆರೆದಿಟ್ಕೊಂಡೇ ಮೂರು ಸಲ ತೆಗೆದು ನೋಡ್ಬೇಕು ಅಂತ ನಿಯಮ. ಒಂದು ಸಲನೂ ನೋಡ್ಲಿಲ್ಲ. ಬೇಜಾರಾಗಿತ್ತು, ಮುಚ್ಚಿಬಿಟ್ಟೆ."

"ಗೊತ್ತು" ಎಂದಳು ಅಕ್ಕ. "ಆಯ್ತು ಅಂತ ನೀನು ಹೇಳೋ ದನಿ ನಂಗೆ ಗೊತ್ತಿಲ್ವಾ? ಈಗ ಸರಿ ಮಾಡು."

ಈ ಸಲ ಪಕ್ಕದ ಗೆರೆಗೆ ಹಿಡಿದು ಕೂರಿಸಿದ. ಬಾಗಿಲು ತೆರೆದೇ ಇತ್ತು. ಒಂದು ಸಲ ತಿರುಗಿಸಿ ನೋಡಿದ, ಬೀಗ ತೆರೆಯಿತು. ಎರಡನೇ ಸಲವೂ ತೆರೆಯಿತು. ಕೈ ತಾನಾಗಿ ಬಾಗಿಲಿನ ಕಡೆ ಹೋಯಿತು.

"ಇನ್ನೊಂದು" ಎಂದಳು ಅಕ್ಕ, ಪಾದ ಒತ್ತಿ.

ಮೂರನೇ ಸಲವೂ ನೋಡಿದ. ಅಕ್ಕ ತಾನೇ ಬಾಗಿಲು ಮುಚ್ಚಿ, ಮಂಡಿಗೆ ಕೈಕೊಟ್ಟು ಎದ್ದಳು. ಅವನ ಕಾಲು ಮತ್ತೆ ಅಲ್ಲಾಡತೊಡಗಿತು. ಅಡುಗೆಮನೆಯ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಊಟ ಮಾಡ್ಕೊಂಡು ಹೋಗಿ ಆ ರೇಡಿಯೊ ಅಟ್ಟದಿಂದ ಇಳಿಸ್ಕೊಂಡು ಬಾ. ನಾನು ಕಾಲಿಟ್ಕೊಂಡು ಕೂತಿರ್ತೀನಿ."