ಅತ್ತೆ ತುಂಬಿಕೊಟ್ಟ ಅಭಿಪ್ರಾಯದ ಹಾಳೆ

ಮೊನ್ನೆ ಯಲ್ಲಾಪುರದಲ್ಲಿ ನಾನು ಉಳಿದಿದ್ದ ವಸತಿಗೃಹದಿಂದ ಇಂದು ಮೊಬೈಲಿಗೆ ಸಂದೇಶ ಬಂತು: ‘ನಮ್ಮ ಸೇವೆ ತೃಪ್ತಿ ತಂದಿತೇ?’ ಇಂಥದಕ್ಕೆಲ್ಲ ‘ಹೌದು’ ಎಂದು ಒತ್ತಿ ಮುಗಿಸುವ ಸೋಮಾರಿ ನಾನು. ಆದರೆ ನನ್ನ ಸೋದರತ್ತೆ ಹಾಗಲ್ಲ.

ಕಾನಸೂರಿನ ಈ ಅತ್ತೆಯನ್ನು ಒಮ್ಮೆ ಗೋಕರ್ಣದ ಹತ್ತಿರ ಸಮುದ್ರದಂಡೆಯ ರೆಸಾರ್ಟಿಗೆ ಎರಡು ರಾತ್ರಿಯ ಮಟ್ಟಿಗೆ ಕರೆದೊಯ್ದಿದ್ದೆ. ದೊಡ್ಡಸ್ತಿಕೆ ತೋರಿಸುವ ಆಸೆ ನನಗೂ ಇತ್ತೆನ್ನಿ. ಅವಳು ಮಾತ್ರ ಎರಡೂ ಬೆಳಿಗ್ಗೆ ಚಾದರ ಮಡಚಿ ಮೂಲೆಗಿಟ್ಟಳು, ಬಚ್ಚಲು ತಿಕ್ಕಿದಳು, ಕೋಣೆ ಚೊಕ್ಕ ಮಾಡಲು ಬಂದ ನಾಗವೇಣಿಯನ್ನು ಬಾಗಿಲಿನಿಂದಲೇ ಕಳಿಸಿದಳು.

“ಮನಗಿದ್ದ ಹಾಸಿಗೆ ಹಾಂಗೇ ಬಿಟ್ಟಿಕ್ಕೆ ಹೋಪಲಾಗ್ತಾ, ತಮಾ?” ಎಂದು ನನಗೇ ಗದರಿದಳು. ನಮ್ಮ ಕಡೆ ನೆಂಟರ ಮನೆಯಲ್ಲಿ ಉಳಿದವರು ಹಾಗೆ ಎದ್ದು ಹೋಗುವುದಿಲ್ಲ, ನಿಜ.

ಹೊರಡುವಾಗ ಮ್ಯಾನೇಜರು ಅಭಿಪ್ರಾಯದ ಹಾಳೆ ಕೊಟ್ಟರು. ‘ಸಿಬ್ಬಂದಿ ದಿನವೂ ಕೋಣೆ ಸ್ವಚ್ಛಗೊಳಿಸಿದರೇ?’ ಸುಳ್ಳು ಬರೆಯುವವಳಲ್ಲ ಅತ್ತೆ. ದುಂಡಗಿನ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದಳು. ಮ್ಯಾನೇಜರು ಅದನ್ನು ಓದಿ ನಾಗವೇಣಿಯನ್ನು ಕರೆಸಿ, ನಾಳೆಯಿಂದ ಬರುವುದೇ ಬೇಡ ಎಂದುಬಿಟ್ಟರು. ಆಕೆಯ ಕಣ್ಣು ತುಂಬಿತು.

“ಅವಳನ್ನ ಒಳಗೇ ಬಿಡದೇ ಇದ್ದವಳು ನಾನು. ತಪ್ಪು ನಂದು,” ಎಂದಳು ಅತ್ತೆ.

“ಹಾಗಾದ್ರೆ ಅಲ್ಲಿ ‘ಹೌದು’ ಅಂತ ತಿದ್ದಿಬಿಡಿ ಅಮ್ಮಾ,” ಎಂದರು ಮ್ಯಾನೇಜರು.

“ಮಾಡದೇ ಇದ್ದಿದ್ದಕ್ಕೆ ಹೌದು ಅಂತ ಬರೆಯೋದು ಹೇಗೆ?” ಎಂದವಳೇ ನಾಗವೇಣಿಯ ಕೈ ಹಿಡಿದು ಕೋಣೆಗೆ ವಾಪಸು ನಡೆದಳು. ಕುರ್ಚಿಯಲ್ಲಿ ಕೂತಳು. ಚಾದರ ಕೊಡವುವ ಸದ್ದಿಗೆ ಎರಡು ಸಲ ಏಳಹೊರಟಳು.

“ಕುತ್ಕಣಿ ಅಮ್ಮಾ, ಎರಡ್ ನಿಮಿಷದ ಕೆಲ್ಸ,” ಎಂದಳು ನಾಗವೇಣಿ, ಅಳುವಿನ ನಡುವೆಯೇ ನಗುತ್ತ. ಆಮೇಲೆ ಅತ್ತೆ ಬೇರೆ ಹಾಳೆ ಕೇಳಿ, ಈ ಹೊತ್ತು ಅವಳೇ ಮಾಡಿದಳು, ಚೆನ್ನಾಗಿ ಮಾಡಿದಳು, ಅದಕ್ಕೂ ಮೊದಲು ನಾನೇ ಬಿಡಲಿಲ್ಲ ಎಂದು ಇದ್ದದ್ದನ್ನೆಲ್ಲ ಬರೆದಳು. ನಾಗವೇಣಿಯ ಕೆಲಸ ಉಳಿಯಿತು.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ, “ಯಂಗೆ ಬೇರೆಯವು ಹಾಸಿಗೆ ಹಾಸಿಕೊಟ್ಟಿದ್ದು ಇದೇ ಮೊದ್ಲು, ತಮಾ,” ಎಂದಳು. ಅಲ್ಲಿಯವರೆಗೆ ಎಲ್ಲರಿಗೂ ಹಾಸಿಕೊಟ್ಟವಳು ಅವಳೇ.

ಕಾಲು ಮುರಿದುಕೊಂಡು ಅತ್ತೆ ಈಗ ಶಿರಸಿಯ ನಮ್ಮ ಮನೆಯಲ್ಲಿದ್ದಾಳೆ. ನಿನ್ನೆಯವರೆಗೂ ನಾನು ಚಾದರ ಬದಲಿಸುವಾಗಲೆಲ್ಲ ಸಂಕೋಚದಿಂದ ಗೋಡೆಯತ್ತ ಮುಖ ತಿರುಗಿಸುತ್ತಿದ್ದಳು. ಮೊಬೈಲ್ ಬದಿಗಿಟ್ಟು ಒಳಗೆ ಹೋಗಿ ಇವತ್ತಿನ ಚಾದರ ಹಾಸಿದೆ. ಅವಳು ನನ್ನನ್ನೇ ನೋಡುತ್ತ, “ಕಾಲ ಹತ್ರ ಸುಕ್ಕಾಜು, ಸರಿ ಮಾಡಿ ಎಳಿ,” ಎಂದಳು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಸರಿ ಮಾಡಿ ಎಳೆದೆ.